ಬ್ಯಾಡಗಿ ಕಾಯಿಯ ಉಸಿರು

ನಾನು ಪಿಎಚ್.ಡಿ.ಗೆ ಹೆಸರು ಹಚ್ಚಿದ್ದು ನಲವತ್ತಮೂರನೆಯ ವಯಸ್ಸಿನಲ್ಲಿ. ಜ್ಞಾನದ ಹಸಿವಿನಿಂದ ಎಂದರೆ ನನ್ನ ಹೆಂಡತಿಯೇ ನಗುತ್ತಾಳೆ. ರಾಣೆಬೆನ್ನೂರಿನ ನಮ್ಮ ಕಾಲೇಜಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರಾದ ಇಬ್ಬರು ಒಂದೇ ವರ್ಷ ಡಾಕ್ಟರೇಟ್ ಮುಗಿಸಿದರು. ಮರುದಿನದಿಂದ ಜವಾನ ಹನುಮಪ್ಪ ಸ್ಟಾಫ್ ರೂಮಿಗೆ ಚಹಾ ತಂದಾಗ ಮೊದಲು ಅವರಿಬ್ಬರಿಗೆ ಕೊಟ್ಟು, ಹದಿನೆಂಟು ವರ್ಷದಿಂದ ಸಸ್ಯಶಾಸ್ತ್ರ ಪಾಠ ಹೇಳುತ್ತಿದ್ದ ಈ ಕುತುಬುದ್ದೀನನಿಗೆ ಆಮೇಲೆ ಕೊಡತೊಡಗಿದ. ನನ್ನ ಪಾಲಿನದು ಅಷ್ಟರಲ್ಲಿ ಆರಿರುತ್ತಿತ್ತು. ನನ್ನ ಸಂಶೋಧನೆಯ ಹಿಂದಿನ ಪ್ರೇರಣೆ ಇಷ್ಟೇ.

ಧಾರವಾಡದ ಡಾ. ರುದ್ರಮುನಿಯವರು ಮಾರ್ಗದರ್ಶಕರಾಗಲು ಒಪ್ಪಿದರು. ವಿಷಯವನ್ನೂ ಅವರೇ ಸೂಚಿಸಿದರು. ಗಿಡದಿಂದ ಕಿತ್ತ ಮೇಲೂ ಕಾಯಿ ಉಸಿರಾಡುತ್ತದೆ. ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬಾಳೆ, ಮಾವು, ಟೊಮೆಟೊ ಇವು ಹಣ್ಣಾಗುವಾಗ ಈ ಉಸಿರು ಒಮ್ಮೆಲೇ ಏರಿ, ಹಣ್ಣಾದ ಮೇಲೆ ಇಳಿಯುತ್ತದೆ. ಉಸಿರಾಟ ಹಲವು ಹಂತಗಳಲ್ಲಿ ನಡೆಯುವ ಕೆಲಸ. ಒಂದೊಂದು ಹಂತವನ್ನು ತಡೆಯಬಲ್ಲ ಒಂದೊಂದು ರಾಸಾಯನಿಕವಿದೆ. ಅವನ್ನು ಕಾಯಿಯೊಳಗೆ ಸೇರಿಸಿ, ಉಸಿರು ಎಷ್ಟು ತಗ್ಗಿತು ಎಂದು ಅಳೆದರೆ ಆ ಏರಿಕೆ ಯಾವ ದಾರಿಯಿಂದ ಬರುತ್ತದೆಂದು ತಿಳಿಯಬಹುದು.

"ಬಾಳಿಹಣ್ಣಿನ ಮ್ಯಾಲೆ ಮಾಡ್ರಿ," ಎಂದರು ರುದ್ರಮುನಿಯವರು. "ಎಲ್ಲಾ ಕಡೆ ಸಿಗತೈತಿ. ಏರತೈತಿ ಅಂತನೂ ಗೊತ್ತೈತಿ."

ನನಗೆ ಬಾಳೆಹಣ್ಣು ಸಪ್ಪೆಯೆನಿಸಿತು. ಇಪ್ಪತ್ತು ಕಿಲೋಮೀಟರ್ ಆಚೆಗೆ ಬ್ಯಾಡಗಿ ಇರುವಾಗ ನಾನು ಬಾಳೆಹಣ್ಣಿನ ಹಿಂದೆ ಹೋಗುವುದೆ? ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ಲೋಕವೆಲ್ಲ ಕಂಡಿದೆ, ಅದರ ಉಸಿರನ್ನು ಕಂಡವರು ಯಾರೂ ಇಲ್ಲ ಎಂದೆ. ಈ ವಾಕ್ಯವನ್ನು ರೈಲಿನಲ್ಲಿಯೇ ತಯಾರಿಸಿಕೊಂಡು ಹೋಗಿದ್ದೆ.

"ಮೆಣಸಿನಕಾಯಿ ಏರತೈತೋ ಇಲ್ಲೋ, ಮೊದಲ ಓದಿ ನೋಡ್ರಿ. ನಂದು ಜೋಳದ ಕೆಲಸ, ನನಗದು ಪಕ್ಕಾ ಗೊತ್ತಿಲ್ಲ."

"ಟೊಮೆಟೊ, ಮೆಣಸಿನಕಾಯಿ ಎರಡೂ ಒಂದ ಕುಟುಂಬದವಲ್ರಿ ಸರ. ಅದು ಏರಿದ್ರ ಇದೂ ಏರಬೇಕು."

"ಅಣ್ಣ ಪೈಲ್ವಾನ ಅದಾನ ಅಂದ್ರ ತಮ್ಮನೂ ಪೈಲ್ವಾನ ಇರತಾನೇನು? ಓದ್ರಿ ಮೊದಲ," ಎಂದರು ಅವರು.

ನಾನು ಓದಿದೆ. ಟೊಮೆಟೊ ಬಗ್ಗೆ ಬಂದ ನಲವತ್ತು ಲೇಖನಗಳನ್ನು ಓದಿದೆ.

ಕೆಲಸಕ್ಕೆ ಬೇಕಾದ ಸಾಮಾನು ಹೆಚ್ಚಿರಲಿಲ್ಲ. ಅಗಲ ಬಾಯಿಯ ಒಂಬತ್ತು ಗಾಜಿನ ಬಾಟಲಿಗಳು, ಬೂಚು, ಕೊಳವೆ, ಮೀನಿನ ತೊಟ್ಟಿಗೆ ಗಾಳಿ ಊದುವ ಒಂದು ಪಂಪು. ಪಂಪಿನ ಗಾಳಿ ಮೊದಲು ಕ್ಷಾರದ ನೀರಿನಲ್ಲಿ ಹಾದು ಶುದ್ಧವಾಗಿ, ಆಮೇಲೆ ಮೆಣಸಿನಕಾಯಿ ಇಟ್ಟ ಬಾಟಲಿಯೊಳಗೆ ಹೋಗುತ್ತದೆ. ಕಾಯಿ ಬಿಟ್ಟ ಉಸಿರನ್ನು ಹೊತ್ತುಕೊಂಡು ಹೊರಬಂದು ಇನ್ನೊಂದು ಕ್ಷಾರದ ಶೀಶೆಯಲ್ಲಿ ಇಳಿಯುತ್ತದೆ. ಆ ಶೀಶೆಗೆ ಹನಿಹನಿಯಾಗಿ ಆಮ್ಲ ಬಿಟ್ಟು ನೋಡಿದರೆ ಉಸಿರು ಎಷ್ಟೆಂದು ಲೆಕ್ಕ ಸಿಗುತ್ತದೆ. ಮೂರು ಬಾಟಲಿಗಳಲ್ಲಿ ಔಷಧ ಹಾಕದ ಕಾಯಿ. ಉಳಿದ ಆರರಲ್ಲಿ ಉಸಿರು ತಡೆಯುವ ಔಷಧ ಹಾಕಿದ ಕಾಯಿ.

ಔಷಧದ ವಿಷಯದಲ್ಲಿ ಮೊದಲ ಪೆಟ್ಟು ತಿಂದೆ. ಪುಸ್ತಕಗಳಲ್ಲೆಲ್ಲ ಇದಕ್ಕೆ ಸಯನೈಡ್ ಬಳಸಿದ್ದರು. ನಾನು 'ಹತ್ತು ಗ್ರಾಂ ಪೊಟ್ಯಾಸಿಯಂ ಸಯನೈಡ್ ತರಿಸಿಕೊಡಬೇಕಾಗಿ ವಿನಂತಿ' ಎಂದು ಪ್ರಿನ್ಸಿಪಾಲರಿಗೆ ಅರ್ಜಿ ಬರೆದೆ. ಅವರು ನನ್ನನ್ನು ಕರೆಸಿ, ಬಾಗಿಲು ಮುಂದೆ ಮಾಡಿಸಿ, "ಮನ್ಯಾಗ ಎಲ್ಲಾ ಆರಾಮ ಐತೇನ್ರಿ?" ಎಂದು ಕೇಳಿದರು. ಅರ್ಜಿಯನ್ನು ಒಳಗೆ ಒಯ್ದವನು ಹನುಮಪ್ಪ. ಹೀಗಾಗಿ ಸಂಜೆಯೊಳಗೆ ಸುದ್ದಿ ಹಾವೇರಿ ಮುಟ್ಟಿತ್ತು. ಮರುದಿನ ನನ್ನ ಹೆಂಡತಿಯ ಅಣ್ಣ ಅಸ್ಲಮ್ ಅಲ್ಲಿಂದ ಕಾರಣವಿಲ್ಲದೆ ಬಂದು, ಎರಡು ತಾಸು ನನ್ನ ಎದುರು ಕುಳಿತು, ಬದುಕು ಎಷ್ಟು ದೊಡ್ಡದು ಎಂಬ ಬಗ್ಗೆ ಮಾತಾಡಿ ಹೋದ.

ಅವನು ಹೋದ ಮೇಲೆ ಕೈಸರ ನನ್ನ ಮುಂದೆ ಬಂದು ಕುಳಿತಳು. ಅವಳು ಸರ್ಕಾರಿ ಕನ್ನಡ ಶಾಲೆಯ ಶಿಕ್ಷಕಿ. ಮನೆಯಲ್ಲಿ ನಮ್ಮದು ಉರ್ದು. ನನ್ನನ್ನು ವಿಚಾರಣೆಗೆ ತೆಗೆದುಕೊಳ್ಳುವಾಗ ಮಾತ್ರ ಅವಳು ಕನ್ನಡಕ್ಕೆ ಬರುತ್ತಾಳೆ.

"ಆ ವಿಷ ಯಾಕ ಬೇಕಾಗೇತಿ, ನನಗ ತಿಳಿಯೂ ಹಂಗ ಹೇಳ್ರಿ."

ನಾನು ಹೇಳಿದೆ. "ಇಲ್ಲಿಂದ ಹಾವೇರಿಗೆ ಬಸ್ ಹೊಂಟೈತಿ ಅನ್ನು. ಮೋಟೆಬೆನ್ನೂರಾಗ ರಸ್ತೆ ಬಂದ್ ಮಾಡ್ತೀನಿ. ಆದರೂ ಬಸ್ ಹಾವೇರಿಗೆ ಹೋಯ್ತು ಅಂದ್ರ ಏನರ್ಥ?"

"ಗುತ್ತಲದ ಮ್ಯಾಲೆ ಹಾಯ್ದು ಹೋಗೇತಿ."

"ಅಷ್ಟ. ಕಾಯಿಯೊಳಗೂ ಹಂಗ ಬ್ಯಾರೆ ದಾರಿ ಐತೇನು ಅಂತ ನೋಡೂದು."

ಅವಳಿಗೆ ಅರ್ಥವಾಯಿತು. ನನ್ನ ವಿದ್ಯಾರ್ಥಿಗಳಿಗೆ ಹದಿನೆಂಟು ವರ್ಷದಲ್ಲಿ ಆಗದ್ದು ಅವಳಿಗೆ ಎರಡು ನಿಮಿಷದಲ್ಲಿ ಆಯಿತು ಎಂದು ನಾನು ಹಿಗ್ಗಿದೆ. "ಹಂಗಾದ್ರ ರಸ್ತೆ ಬಂದ್ ಮಾಡೂ ಮೊದಲ, ಬಸ್ ಹೊಂಡತೈತೋ ಇಲ್ಲೋ ನೋಡ್ಕೋರಿ," ಎಂದು ಅವಳು ಎದ್ದುಹೋದಳು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಯನೈಡ್ ಬಿಟ್ಟು ಸೋಡಿಯಂ ಫ್ಲೋರೈಡ್ ಮತ್ತು ಮ್ಯಾಲೋನೇಟ್ ಎಂಬ ಎರಡು ಸಾಧು ಔಷಧಗಳಲ್ಲಿ ಕೆಲಸ ನಡೆಸುವುದೆಂದು ತೀರ್ಮಾನಿಸಿದೆ.

ಕಾಯಿ ಕೊಡುತ್ತಿದ್ದವಳು ಬ್ಯಾಡಗಿ ಹತ್ತಿರ ಹೊಲವಿದ್ದ ಜಯವ್ವ. ನಾನು ಬಲಿತ ಹಸಿರು ಕಾಯಿಗಳನ್ನೇ ಆರಿಸಿ ಹರಿಯುವುದನ್ನು ನೋಡಿ ಅವಳಿಗೆ ಕಸಿವಿಸಿಯಾಗುತ್ತಿತ್ತು.

"ಹಸರಗಾಯಿ ಒಯ್ದು ಏನ ಮಾಡ್ತೀರಿ ಸರ?"

"ಬಾಟ್ಲಿಯೊಳಗಿಟ್ಟು ಹಣ್ಣ ಮಾಡ್ತೀನಿ."

"ಗಿಡದಾಗ ಕೆಂಪಾದ್ರ ಬಣ್ಣ. ಹಸರ ಹರದಿಟ್ರ ಬೆಳ್ಳಗ ಬಾಡತೈತಿ. ಇದೇನ ಬಾಳಿಗೊನಿ ಅಲ್ಲಲ್ರಿ."

ನಾನು ಮುಗುಳ್ನಕ್ಕೆ. ಪಾಠ ಹೇಳುವವರಿಗೆ ಇಂಥ ಮುಗುಳ್ನಗೆ ಒಂದಿರುತ್ತದೆ. ಈಗ ನೆನೆದರೆ ಕನ್ನಡಿ ನೋಡಲು ನಾಚಿಕೆಯಾಗುತ್ತದೆ.

ತೊಟ್ಟಿನ ಬದಿಯಿಂದ ಸಣ್ಣ ಸೂಜಿ ಚುಚ್ಚಿ ಕಾಯಿಯ ಪೊಳ್ಳಿನೊಳಗೆ ಔಷಧ ಬಿಡುತ್ತಿದ್ದೆ. ಔಷಧ ಹಾಕದ ಕಾಯಿಗೆ ಬರೀ ನೀರು. ಕುತುಬುದ್ದೀನ ಸರ್ ಮೆಣಸಿನಕಾಯಿಗೆ ಇಂಜೆಕ್ಷನ್ ಮಾಡುತ್ತಾರೆಂದು ಕಾಲೇಜಿಗೆಲ್ಲ ಗೊತ್ತಾಯಿತು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಉಸಿರು ಅಳೆದು ಗ್ರಾಫಿನ ಮೇಲೆ ಚುಕ್ಕಿ ಇಡುತ್ತಿದ್ದೆ. ಚುಕ್ಕಿಗಳನ್ನು ಕೂಡಿಸಿದರೆ ಗೆರೆ ಏರಬೇಕಿತ್ತು. ಏರಲಿಲ್ಲ. ಔಷಧ ಹಾಕಿದ ಕಾಯಿಯ ಗೆರೆ ಸ್ವಲ್ಪ ಕೆಳಗೆ, ಹಾಕದ ಕಾಯಿಯ ಗೆರೆ ಸ್ವಲ್ಪ ಮೇಲೆ, ಎರಡೂ ಸಪಾಟಾಗಿ ಮಲಗಿದ್ದವು. ದಿನಗಳೆದಂತೆ ಮೆಲ್ಲಗೆ ಇಳಿಯುತ್ತಲೂ ಇದ್ದವು.

ಬಾಟಲಿ ಸೋರುತ್ತಿದೆ ಎಂದು ತೀರ್ಮಾನಿಸಿದೆ. ಎರಡು ಹಂಗಾಮು ಸೋರಿಕೆ ಹುಡುಕುವುದರಲ್ಲೇ ಕಳೆದೆ. ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತವೆಯೇ ನೋಡಿದೆ. ಬೂಚು ಬದಲಿಸಿದೆ. ಕೊಳವೆ ಬದಲಿಸಿದೆ. ಪಂಪಿಗೆ ಶಕ್ತಿ ಸಾಲದೆಂದು ಇನ್ನೊಂದು ತಂದೆ. ಪ್ರತಿ ಸಲವೂ ಅದೇ ಸಪಾಟು ಗೆರೆ. ಆ ಎರಡು ವರ್ಷದ ನೋಟ್ ಪುಸ್ತಕಗಳ ಮೇಲೆ ಕೆಂಪು ಶಾಯಿಯಲ್ಲಿ 'ತಪ್ಪು' ಎಂದು ಬರೆದು ಕಪಾಟಿನ ತಳಕ್ಕೆ ನೂಕಿದೆ.

ಮೂರನೆಯ ವರ್ಷ ಮಾರ್ಚ್ ತಿಂಗಳು. ಸೆಕೆ ಆಗಲೇ ಏರಿತ್ತು. ಬೂಚಿನ ಸುತ್ತ ಹಚ್ಚುವ ಮೇಣ ಆರು ಬಾಟಲಿಗಳಿಗೆ ಮುಗಿಯಿತು. ಔಷಧದ ಬಾಟಲಿಗಳಿಂದ ಶುರುಮಾಡಿದ್ದೆನಾದ್ದರಿಂದ, ಔಷಧ ಹಾಕದ ಕಾಯಿಯ ಮೂರು ಬಾಟಲಿಗಳು ಉಳಿದವು. ಮೇಣ ಬರಲು ನಾಲ್ಕು ದಿನ ಬೇಕು, ಕಾಯಿ ಕಾಯುವುದಿಲ್ಲ. ಆಗ ನನ್ನ ತಲೆಗೆ, ಇನ್ನಾರ ತಲೆಗೂ ಅಲ್ಲ, ಒಂದು ಉಪಾಯ ಹೊಳೆಯಿತು. ನಮ್ಮ ಮನೆಗಳಲ್ಲಿ ದಮ್ ಬಿರಿಯಾನಿಗೆ ಮುಚ್ಚಳದ ಸುತ್ತ ಗೋಧಿಹಿಟ್ಟಿನ ಕಣಕ ಮೆತ್ತಿ ಹಬೆ ಹೊರಗೆ ಹೋಗದಂತೆ ಮಾಡುತ್ತಾರಲ್ಲ? ಮನೆಗೆ ಹೋಗಿ ಕೈಸರ ಚಪಾತಿಗೆ ಕಲಸಿಟ್ಟಿದ್ದ ಕಣಕದಲ್ಲಿ ದೊಡ್ಡ ಮುದ್ದೆಯೊಂದನ್ನು ಡಬ್ಬಿಯಲ್ಲಿ ತಂದೆ. ಬೂಚಿನ ಸುತ್ತಲೂ, ಬಾಟಲಿಯ ಕುತ್ತಿಗೆಯ ಒಳಗೂ ದಪ್ಪಗೆ ಮೆತ್ತಿದೆ. ಸಂಪ್ರದಾಯ ಮತ್ತು ವಿಜ್ಞಾನ ಕೈಕೂಡಿಸುವ ಬಗ್ಗೆ ಹನುಮಪ್ಪನಿಗೆ ನಾಲ್ಕು ಮಾತನ್ನೂ ಹೇಳಿದೆ.

ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಗೆರೆ ತುಸು ಅಲುಗಿತು. ಮೂರನೆಯ ದಿನ ಏರಿತು. ನಾಲ್ಕನೆಯ ದಿನ ನಾನು ಮೂರು ಸಲ ಅಳೆದೆ. ಐದನೆಯ ದಿನ ತುದಿ ಮುಟ್ಟಿ ಆರನೆಯ ದಿನ ಇಳಿಯತೊಡಗಿತು. ಪುಸ್ತಕದಲ್ಲಿ ಟೊಮೆಟೊಗೆ ಬರೆದ ಗುಡ್ಡದಂಥ ಗೆರೆ, ಹಾಗೆಯೇ ನನ್ನ ಹಾಳೆಯ ಮೇಲಿತ್ತು. ಔಷಧ ಹಾಕಿದ ಆರು ಬಾಟಲಿಗಳಲ್ಲಿ ಗೆರೆ ಸಪಾಟು. ಅಂದರೆ ಬ್ಯಾಡಗಿ ಕಾಯಿಯ ಉಸಿರು ಏರುತ್ತದೆ, ನನ್ನ ಔಷಧ ಆ ಏರಿಕೆಯನ್ನು ಪೂರ್ತಿ ತಡೆಯುತ್ತದೆ. ಇದಕ್ಕಿಂತ ಚೆಂದದ ಫಲಿತಾಂಶವನ್ನು ಸುಳ್ಳು ಬರೆದರೂ ತರಲಾಗುತ್ತಿರಲಿಲ್ಲ. ಸ್ಟಾಫ್ ರೂಮಿಗೆ ಪೇಡೆ ತರಿಸಿದೆ. ಹನುಮಪ್ಪ ಅಂದು ಚಹಾ ಮೊದಲು ನನಗೇ ಕೊಟ್ಟ.

ಏಪ್ರಿಲ್‌ನಲ್ಲಿ ಹಾವೇರಿಯ ಕಾಲೇಜೊಂದರಲ್ಲಿ ವಿಚಾರಸಂಕಿರಣವಿತ್ತು. ರುದ್ರಮುನಿಯವರು ಕಣ್ಣಿನ ಆಪರೇಶನ್ ಆಗಿ ಮನೆಯಲ್ಲಿದ್ದರು. ಅವರಿಗೆ ಫೋನಿನಲ್ಲಿ ಹೇಳಿ, ಅವರು 'ಹೂಂ' ಎಂದದ್ದನ್ನೇ ಆಶೀರ್ವಾದವೆಂದು ತಿಳಿದು ಹೋದೆ. ಇನ್ನೂರು ಜನರ ಮುಂದೆ ನನ್ನ ಗುಡ್ಡವನ್ನು ಪರದೆಯ ಮೇಲೆ ತೋರಿಸಿ ಇಪ್ಪತ್ತೈದು ನಿಮಿಷ ಮಾತಾಡಿದೆ. ನಡುವೆ ಮೂರು ಕಡೆ ಚಪ್ಪಾಳೆಗಾಗಿ ನಿಲ್ಲಿಸಿದೆ. ಎರಡು ಕಡೆ ಬಂತು. ನನ್ನ ಹಳೆಯ ವಿದ್ಯಾರ್ಥಿ ನಯಾಜ ಈಗ ಪತ್ರಿಕೆಯೊಂದರ ವರದಿಗಾರ. ಮೂರನೆಯ ದಿನ 'ಮೆಣಸಿನಕಾಯಿಯ ಉಸಿರು ಹಿಡಿದ ಪ್ರಾಧ್ಯಾಪಕ' ಎಂಬ ತಲೆಬರಹದಲ್ಲಿ ನನ್ನ ಫೋಟೊ ಬಂತು. ಅದನ್ನು ಕತ್ತರಿಸಿ ನನ್ನ ಮೇಜಿನ ಗಾಜಿನ ಕೆಳಗಿಟ್ಟೆ. ಬಂದವರಿಗೆ ನೆಟ್ಟಗೆ ಕಾಣುವಂತೆ, ನನಗೆ ತಲೆಕೆಳಗಾಗಿ.

ರುದ್ರಮುನಿಯವರು ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಗ್ರಾಫು ನೋಡಿ ಫೋನ್ ಮಾಡಿದರು. "ಭಾಳ ಚಂದ ಬಂದೈತಿ. ಇಷ್ಟ ಚಂದ ಬಂದಾಗ ಇನ್ನೊಮ್ಮೆ ಮಾಡಿ ನೋಡೂದು ಚಲೋ."

ಜಯವ್ವನ ಹೊಲದ ಗಿಡಗಳ ತುದಿಯಲ್ಲಿ ಕೊನೆಯ ಕಾಯಿ ಇನ್ನೂ ಇದ್ದವು. ತಂದು, ಮೊದಲಿನ ಹಾಗೆಯೇ ಎಲ್ಲವನ್ನೂ ಮಾಡಿದೆ. ಯಾವುದನ್ನೂ ಬದಲಿಸಬಾರದೆಂಬ ವೈಜ್ಞಾನಿಕ ಶಿಸ್ತಿನಿಂದ ಅವೇ ಮೂರು ಬಾಟಲಿಗಳಿಗೆ ಕಣಕವನ್ನೇ ಮೆತ್ತಿದೆ. ಸೋಮವಾರ ಶುರುಮಾಡಿದ್ದೆ. ಗುರುವಾರಕ್ಕೆ ಗುಡ್ಡ ಮತ್ತೆ ಏಳುತ್ತಿತ್ತು.

ಶನಿವಾರ ಮಧ್ಯಾಹ್ನ ಕೈಸರ ಪೇಟೆಗೆ ಹೋಗಿದ್ದವಳು ಮನೆಯ ಕೀಲಿ ಕೇಳಲು ಕಾಲೇಜಿಗೆ ಬಂದಳು. ನನ್ನ ಪ್ರಯೋಗಾಲಯವನ್ನು ಅವಳು ನೋಡಿರಲಿಲ್ಲ. ಕರೆದುಕೊಂಡು ಹೋಗಿ ಒಂದೊಂದನ್ನೂ ತೋರಿಸಿದೆ. ಅವಳು ಮೆಣಸಿನಕಾಯಿಯನ್ನು ನೋಡಲಿಲ್ಲ. ಬಾಟಲಿಯ ಕುತ್ತಿಗೆಗೆ ಮೂಗು ಹಿಡಿದಳು.

"ಇದು ಯಾವತ್ತಿನ ಕಣಕ?"

"ಸೋಮವಾರದ್ದು."

"ಹುಳಿ ಬಂದೈತಲ್ರಿ. ನೋಡ್ರಿ, ಒಳಗ ಉಬ್ಬಿ ತೂತ ಬಿದ್ದಾವ." ಬೆರಳಿನಿಂದ ಒತ್ತಿದಳು, ಕಣಕ ಸ್ಪಂಜಿನಂತೆ ತಗ್ಗಿ ಮತ್ತೆ ಎದ್ದಿತು. "ಹಿಟ್ಟ ಉಬ್ಬೂದಂದ್ರ ಒಳಗ ಗಾಳಿ ಹುಟ್ಟೂದಲ್ಲ? ಆ ಗಾಳಿ ಎಲ್ಲಿ ಹೋಗತೈತಿ?"

ಆ ಗಾಳಿ ಇಂಗಾಲದ ಡೈಆಕ್ಸೈಡ್. ಅದು ಬಾಟಲಿಯೊಳಗೆ ಹೋಗಿ, ಕೊಳವೆಯಲ್ಲಿ ಹಾದು, ನನ್ನ ಶೀಶೆಯಲ್ಲಿ ಇಳಿದು, ನನ್ನ ಗ್ರಾಫು ಹತ್ತಿ, ಹಾವೇರಿಯ ಪರದೆಯ ಮೇಲೆ ಮೂಡಿತ್ತು. ಹಿಟ್ಟಿನ ಹುದುಗುವಿಕೆಯ ಬಗ್ಗೆ ನಾನು ಪ್ರತಿ ವರ್ಷ ಆಗಸ್ಟ್‌ನಲ್ಲಿ ಎರಡು ಪೂರ್ತಿ ತರಗತಿ ತೆಗೆದುಕೊಳ್ಳುತ್ತೇನೆ.

"ಮನೀ ಕೀಲಿ ಕೊಡ್ರಿ," ಎಂದು ಕೈಸರ ಕೇಳಿದಳು. ನಾನು ಅವಳ ಕೈಗೆ ಪ್ರಯೋಗಾಲಯದ ಕೀಲಿ ಇಟ್ಟೆ.

ಸೋಮವಾರ ಒಂದು ಖಾಲಿ ಬಾಟಲಿ ತೆಗೆದುಕೊಂಡು, ಮೆಣಸಿನಕಾಯಿ ಇಡದೆ, ಬರೀ ಕಣಕ ಮೆತ್ತಿ ಪಂಪಿಗೆ ಹಚ್ಚಿದೆ. ಐದನೆಯ ದಿನ ಅದರ ಗೆರೆ ತುದಿ ಮುಟ್ಟಿ, ಆರನೆಯ ದಿನ ಇಳಿಯಿತು. ಅದು ಮೊದಲಿನದಕ್ಕಿಂತ ನೀಟಾಗಿತ್ತು.

"ಖಾಲಿ ಬಾಟ್ಲಿ ಹಣ್ಣಾತೇನ್ರಿ ಸರ?" ಎಂದು ಹನುಮಪ್ಪ ಕೇಳಿದ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವನು ಬಾಗಿಲ ಹೊರಗೆ ಒಮ್ಮೆ ಇಣುಕಿ ನೋಡಿ, "ಇದು ನಮ್ಮಿಬ್ಬರಿಗೆ, ಕೈಸರ ಬಾಯಾರಿಗೆ ಅಷ್ಟ ಗೊತ್ತೈತಿ. ಬಾಟ್ಲಿ ತೊಳದ್ರ ಆತು," ಎಂದ.

ಹೇಳಲು ನಾಚಿಕೆಯಾದರೂ ಹೇಳುತ್ತೇನೆ: ಹನ್ನೊಂದು ದಿನ ನಾನು ಆ ಮಾತಿನ ನೆರಳಲ್ಲಿ ಬದುಕಿದೆ. ಹಾವೇರಿಯವರು ಪ್ರಬಂಧಗಳನ್ನು ಪುಸ್ತಕ ಮಾಡುತ್ತಿದ್ದರು. ನನ್ನದು ಮೊದಲನೆಯ ಲೇಖನ ಎಂದು ಪತ್ರ ಬಂದಿತ್ತು. ಯಾರೂ ಇದನ್ನು ಮತ್ತೆ ಮಾಡಿ ನೋಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಊಟಕ್ಕೆ ಕುಳಿತಾಗ ಕೈಸರ ಚಪಾತಿ ಬಡಿಸಿದರೆ ಕೈ ಹಿಂದೆ ಸರಿಯುತ್ತಿತ್ತು. ಅವಳು ವಿಚಾರಣೆಗೆ ಇಳಿಯಲಿಲ್ಲ. ಆ ಹನ್ನೊಂದು ದಿನ ಅವಳು ನನ್ನ ಜೊತೆ ಉರ್ದುವಿನಲ್ಲಿಯೇ ಮಾತಾಡಿದಳು. ಅದೇ ನನಗೆ ತಡೆಯದಾಯಿತು. ಹನ್ನೆರಡನೆಯ ದಿನ ಬೆಳಗಿನ ಗಾಡಿ ಹಿಡಿದು ಧಾರವಾಡಕ್ಕೆ ಹೋದೆ.

ರುದ್ರಮುನಿಯವರು ನನ್ನ ಮಾತನ್ನು ಪೂರ್ತಿ ಕೇಳಿದರು. ನಗುತ್ತಾರೆ ಇಲ್ಲವೆ ಬೈಯುತ್ತಾರೆ ಎಂದುಕೊಂಡಿದ್ದೆ, ಎರಡೂ ಮಾಡಲಿಲ್ಲ.

"ಮೊದಲಿನ ಎರಡು ವರ್ಷದ್ದು ಏನಾತು?"

"ಅದು ತಪ್ಪು ಅಂತ ಇಟ್ಟೇನ್ರಿ ಸರ. ಗೆರಿ ಏರಲಿಲ್ಲ."

"ಎಷ್ಟ ಸಲ ಏರಲಿಲ್ಲ?"

"ಇಪ್ಪತ್ತಾರು ಸಲ."

"ಇಪ್ಪತ್ತಾರು ಸಲ ಮೆಣಸಿನಕಾಯಿ 'ನಾ ಏರೂದಿಲ್ಲ' ಅಂತ ಹೇಳೇತಿ. ನೀವು ಒಂದ ಸಲನೂ ಕೇಳಲಿಲ್ಲ." ಅವರು ಎದ್ದುಹೋಗಿ ಬಿ.ಎಸ್ಸಿ.ಯ ಪಠ್ಯಪುಸ್ತಕವೊಂದನ್ನು ತಂದು ಹುಡುಕಿ ನನ್ನ ಮುಂದಿಟ್ಟರು. ನಾನು ದಿನಾ ಪಾಠ ಹೇಳುವ ಪುಸ್ತಕವೇ ಅದು. ಒಂದು ಪಟ್ಟಿ: ಎಡಕ್ಕೆ ಉಸಿರು ಏರುವ ಹಣ್ಣುಗಳು, ಬಲಕ್ಕೆ ಏರದವು. ಬಲಕ್ಕೆ ದ್ರಾಕ್ಷಿ, ಕಿತ್ತಳೆ, ಅವುಗಳ ಕೆಳಗೆ ಇಂಗ್ಲಿಷಿನಲ್ಲಿ 'ಪೆಪ್ಪರ್'.

ಆ ಪಟ್ಟಿ ನನಗೆ ಬಾಯಿಪಾಠವಿತ್ತು. ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ಬರೆಸಿದ್ದೆ. ಮೆಣಸಿನಕಾಯಿ ಎಂಬ ಅರ್ಥದ ಆ ಪೆಪ್ಪರನ್ನು ಕಾಳುಮೆಣಸು ಎಂದು ತಿಳಿದು, ಕಂಸದಲ್ಲಿ ಹಾಗೆಯೇ ಕನ್ನಡ ಅರ್ಥವನ್ನೂ ಬರೆಸಿದ್ದೆ.

"ಏನ ಮಾಡಲ್ರಿ ಸರ?" ಎಂದೆ.

"ಹಾವೇರಿಯವರಿಗೆ ಪತ್ರ ಬರೀರಿ. ಆ ನೋಟ್‌ಬುಕ್ಕು ಹೊರಗ ತಗೀರಿ. ಬಾಳಿಕಾಯಿ ತಂದು ಪಕ್ಕಕ್ಕಿಟ್ಟು ಮಾಡ್ರಿ, ಬಾಟ್ಲಿ ಸೋರೂದಿಲ್ಲ ಅಂತ ಅದರಿಂದ ಗೊತ್ತಾಗತೈತಿ. ಏರೂದು ಹೆಂಗ ತಡದೀತು ಅನ್ನೂ ಪ್ರಶ್ನೆ ಬಿಡ್ರಿ. ಏರದ ಕಾಯಿಗೆ ಈ ಔಷಧ ಏನ ಮಾಡತೈತಿ, ಏರೂ ಹಣ್ಣಿಗೆ ಏನ ಮಾಡತೈತಿ, ಅದನ್ನ ಬರೀರಿ."

ಹಾವೇರಿಯವರಿಗೆ ನಡೆದದ್ದನ್ನು ಇದ್ದಂತೆ ಬರೆದು ಲೇಖನ ಹಿಂದೆಗೆದುಕೊಂಡೆ. ಅವರು ಸಭ್ಯರು, ಕಣಕದ ವಿಷಯವನ್ನು ಮತ್ತೊಮ್ಮೆ ವಿವರಿಸಿ ಎಂದು ಕೇಳಿ ಪತ್ರ ಬರೆದರು. ನಯಾಜನಿಗೂ ಫೋನ್ ಮಾಡಿ ತಿದ್ದುಪಡಿ ಹಾಕು ಎಂದೆ. ಅವನು ಸಂಕೋಚದಿಂದ, "ಏರಲಿಲ್ಲ ಅನ್ನೂದು ಸುದ್ದಿ ಹೆಂಗಾಗತೈತ್ರಿ ಸರ?" ಎಂದ. ಕೊನೆಗೆ ಒಳಪುಟದಲ್ಲಿ, ಕಳೆದುಹೋದ ಅಂಕಪಟ್ಟಿಯ ಜಾಹೀರಾತಿನ ಪಕ್ಕ ನಾಲ್ಕು ಸಾಲು ಬಂತು. ಜಯವ್ವನ ಹೊಲಕ್ಕೂ ಹೋಗಿ ಹೇಳಿದೆ. ಹೇಳಿದ್ದನ್ನು ಕೇಳಿ, "ಅಷ್ಟ ಓದಿದವರು ಒಮ್ಮೆ ಕೇಳಿದ್ರ ಹೇಳತಿದ್ದೆ," ಎಂದಳು. ತಾನು ಆಗಲೇ ಹೇಳಿದ್ದು ಅವಳಿಗೆ ಮರೆತಿತ್ತು, ನಾನು ನೆನಪಿಸಲಿಲ್ಲ.

ಮುಂದಿನ ಚಳಿಗಾಲ ಮತ್ತೆ ಮಾಡಿದೆ. ರಾಣೆಬೆನ್ನೂರು ಸಂತೆಯಿಂದ ಬಾಳೆಕಾಯಿ ತಂದು ಮೆಣಸಿನಕಾಯಿಯ ಪಕ್ಕ ಅದೇ ತರಹದ ಬಾಟಲಿಗಳಲ್ಲಿಟ್ಟೆ. ಬಾಳೆಯ ಗೆರೆ ಏಳನೆಯ ದಿನ ಗುಡ್ಡ ಹತ್ತಿತು. ಫ್ಲೋರೈಡ್ ಹಾಕಿದ ಬಾಳೆ ಅರ್ಧ ಹತ್ತಿ ಸುಸ್ತಾಯಿತು. ಮ್ಯಾಲೋನೇಟ್ ಹಾಕಿದ್ದು ತಡವಾಗಿ ಹತ್ತಿತು. ಮೆಣಸಿನಕಾಯಿ ಎಂದಿನಂತೆ ಹತ್ತಲೇ ಇಲ್ಲ, ಔಷಧ ಹಾಕಿದಾಗ ಮಾತ್ರ ತುಸು ತಗ್ಗಿತು. 'ತಪ್ಪು' ಎಂದು ಬರೆದಿದ್ದ ನೋಟ್ ಪುಸ್ತಕಗಳ ಅಂಕಿಗಳಿಗೆ ಇವು ಸರಿಹೊಂದಿದವು. ದೊಡ್ಡ ಶೋಧವೇನಲ್ಲ, ಬಹುಪಾಲು ಗೊತ್ತಿದ್ದದ್ದೇ. ಬ್ಯಾಡಗಿ ತಳಿಯ ಅಂಕಿಗಳು ಮಾತ್ರ ಹೊಸವು, ಅವು ನಿಜವಾದವು.

ಅದನ್ನು ಧಾರವಾಡದಲ್ಲಿ ಒಂದು ಸಣ್ಣ ಸಭೆಯಲ್ಲಿ ಹೇಳಿದೆ. ಹದಿನಾಲ್ಕು ಜನ ಇದ್ದರು. ಭಾನುವಾರವಾದ್ದರಿಂದ ಕೈಸರ ಬಂದಿದ್ದಳು. ನಾನು ಹನ್ನೆರಡು ನಿಮಿಷ ಮಾತಾಡಿ ಎಲ್ಲಿಯೂ ನಿಲ್ಲಿಸದೆ ಮುಗಿಸಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು, ಮಹೇಶ್ವರಿ ಎಂದು ಹೆಸರು ಹೇಳಿ, ಇದರಿಂದ ರೈತರಿಗೆ ಏನು ಉಪಯೋಗ ಎಂದು ಕೇಳಿದಳು. ಕಾಯಿ ಗಿಡದಲ್ಲೇ ಕೆಂಪಾದ ಮೇಲೆ ಹರಿಯಬೇಕು ಎಂದು ತಿಳಿಯುತ್ತದೆ, ಆದರೆ ಅದು ಅವರಿಗೆ ಮೊದಲೇ ಗೊತ್ತು ಎಂದೆ. ಎಲ್ಲರೂ ನಕ್ಕರು. ಅವಳು ನಗದೆ ಬರೆದುಕೊಂಡಳು.

ವಾಪಸು ಬರುವಾಗ ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೈಸರ ಬುತ್ತಿ ಬಿಚ್ಚಿದಳು.

"ಈ ಸಲ ಚಲೋ ಮಾತಾಡಿದ್ರಿ," ಎಂದಳು.

"ಹೋದ ಸಲ ಹಾವೇರಿಗೆ ನೀ ಬಂದಿರಲಿಲ್ಲಲ್ಲ, ಹೆಂಗ ಗೊತ್ತು?"

"ಒಂದ ವಾರ ಕನ್ನಡಿ ಮುಂದ ನಿಂತ ಹೇಳಿದ್ರಿ. ನಾನೂ ಕೇಳೇನಿ, ಓಣಿಯವರೂ ಕೇಳ್ಯಾರ," ಎಂದು ಅವಳು ನನ್ನ ಕೈಗೆ ಒಂದು ಚಪಾತಿ ಇಟ್ಟಳು. ಹಸಿವಾಗಿತ್ತು, ಪಲ್ಯ ಬರುವ ತನಕ ಕಾಯದೆ ಬರೀ ಚಪಾತಿಯನ್ನೇ ತಿನ್ನತೊಡಗಿದೆ.